ಮಗುವಿಗೆ ಫ್ರೀ, ತಾಯಿಗೆ ಬೆಂಚು

ಬೇಸಿಗೆ ರಜೆ ಬಂತೆಂದರೆ ಊರಿಂದ ಫೋನ್ ಶುರುವಾಗುತ್ತೆ. 'ಪಾಪೂನ ಕರ್ಕೊಂಡು ಬರ್ತಾ ಇದೀವಿ, ಆ ನೀರಿನ ಪಾರ್ಕು ತೋರಿಸ್ಕೊಂಡು ಬರೋಣ.' ಪಾಪೂಗೆ ವಯಸ್ಸೆಷ್ಟು ಅಂದರೆ ಒಂದೂಮುಕ್ಕಾಲು. ಇನ್ನೊಂದು ಮನೆಯ ಪಾಪೂಗೆ ಹತ್ತು ತಿಂಗಳು, ಇನ್ನೂ ಗೋಡೆ ಹಿಡಿದು ನಿಲ್ಲೋದು ಕಲಿಯುತ್ತಿದೆ.

ನಮ್ಮ ಗುಂಪಿನಲ್ಲಿ ಮೂವರು ಶಿವಾಜಿನಗರದ ಬಾಡಿಗೆ ರೂಮುಗಳಲ್ಲಿದ್ದೇವೆ. ಹೊಸಕೋಟೆ, ಕೆ.ಆರ್. ಪುರದ ಕಡೆಯಿಂದ ಬರುವ ನೆಂಟರು ಶಿವಾಜಿನಗರ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ನಮ್ಮ ರೂಮಿನಲ್ಲಿ ಬ್ಯಾಗು ಇಟ್ಟು ಮುಂದೆ ಹೋಗುತ್ತಾರೆ. ಬೌರಿಂಗ್ ಆಸ್ಪತ್ರೆಗೆ ಬಂದವರು, ಘೋಷಾ ಆಸ್ಪತ್ರೆಗೆ ಹೆರಿಗೆಗೆ ಬಂದವರು, ಕಮರ್ಷಿಯಲ್ ಸ್ಟ್ರೀಟಿನಲ್ಲಿ ಮದುವೆ ಬಟ್ಟೆ ತಗೊಳ್ಳೋಕೆ ಬಂದವರು, ಎಲ್ಲರದೂ ಇದೇ ದಾರಿ. ಈಚಿನ ವರ್ಷಗಳಲ್ಲಿ ಇವರ ಜೊತೆ ಹೊಸ ಸಾಲು ಸೇರಿದೆ. ಎಳೆಗೂಸನ್ನು ಎತ್ತಿಕೊಂಡು ಥೀಮ್ ಪಾರ್ಕ್ ನೋಡಲು ಬಂದವರು.

ಅವರ ಜೊತೆ ಹೋಗಿ, ಅವರ ಬ್ಯಾಗು ಕಾದು, ಅವರ ಮಗು ಎತ್ತಿಕೊಂಡು ನಿಂತು ನಾವು ಕಂಡುಕೊಂಡ ವಿಷಯ ಇದು: ಗೇಟಿನಲ್ಲಿ ಹಾಕಿರೋ 'ಚಿಕ್ಕ ಮಕ್ಕಳಿಗೆ ಪ್ರವೇಶ ಉಚಿತ' ಅನ್ನೋ ಬೋರ್ಡನ್ನು ರಿಯಾಯಿತಿ ಅಂತ ಓದಬೇಡಿ. ಮಗುವನ್ನು ಬಿಟ್ಟು ಹೋಗಲಾಗದ ತಾಯಿ, ಅಜ್ಜಿ ಇಬ್ಬರೂ ಆಟವಾಡದೆಯೇ ಆಟದ ದುಡ್ಡು ಕಟ್ಟುತ್ತಾರೆ. ಮಗುವಿನ ಟಿಕೆಟ್ಟಿನ ದುಡ್ಡು ಅಲ್ಲಿ ವಸೂಲಾಗುತ್ತೆ, ಅದೂ ಒಂದಕ್ಕೆರಡಾಗಿ.

ಲೆಕ್ಕ ನೋಡಿ. ಬಿಡದಿಯ ವಂಡರ್‌ಲಾ 2005ರಲ್ಲಿ ಶುರುವಾಯಿತು. ಅಲ್ಲಿ ಟಿಕೆಟ್ಟಿಗೆ ವಯಸ್ಸು ಕೇಳುವುದಿಲ್ಲ, ಎತ್ತರ ನೋಡುತ್ತಾರೆ. 85 ಸೆಂ.ಮೀ.ಗಿಂತ ಕೆಳಗಿದ್ದರೆ ಫ್ರೀ, 85ರಿಂದ 140ರವರೆಗೆ ಮಕ್ಕಳ ಟಿಕೆಟ್, ಅದಕ್ಕೂ ಮೇಲೆ ದೊಡ್ಡವರ ಟಿಕೆಟ್. ಇಂಥ ಪಾರ್ಕುಗಳಲ್ಲಿ ದೊಡ್ಡವರ ಟಿಕೆಟ್ ಸಾವಿರ ರೂಪಾಯಿ ದಾಟಿ ಕಾಲವಾಯಿತು. ಕರ್ನಾಟಕದಲ್ಲಿ 2025-26ರ ನರೇಗಾ ಕೂಲಿ ದಿನಕ್ಕೆ 370 ರೂ. ಅಂದರೆ ಒಬ್ಬ ತಾಯಿಯ ಒಂದು ಟಿಕೆಟ್ಟಿಗೆ ಹತ್ತಿರ ಹತ್ತಿರ ಮೂರು ದಿನದ ಮಣ್ಣು ಹೊರಬೇಕು, ಕೆಲವು ದಿನಗಳಲ್ಲಿ ನಾಲ್ಕು. ಮೂರು ದಿನ ಮಣ್ಣು ಹೊತ್ತು ಅಲ್ಲಿ ಹೋಗಿ ಏನು ಮಾಡುತ್ತಾಳೆ? ಮಗು ಮಲಗಿಸಿಕೊಂಡು ಬೆಂಚಿನ ಮೇಲೆ ಕೂರುತ್ತಾಳೆ.

ಹೋದ ವರ್ಷ ನಮ್ಮಲ್ಲೊಬ್ಬಳ ಅಕ್ಕ, ಭಾವ, ಭಾವನ ತಾಯಿ, ಒಂದೂಮುಕ್ಕಾಲು ವರ್ಷದ ಮಗಳು ಬಂದಿದ್ದರು. ನಗರದ ಸುತ್ತ ಇರೋ ಪಾರ್ಕುಗಳಲ್ಲಿ ಒಂದಕ್ಕೆ ಹೋದೆವು. ಯಾವುದು ಅಂತ ಹೇಳುವುದಿಲ್ಲ, ಹೇಳಿದರೆ ಉಳಿದವು ಚೆನ್ನಾಗಿವೆ ಅಂತ ನೀವು ತಿಳಿದುಕೊಳ್ಳುತ್ತೀರಿ. ಬೆಳಿಗ್ಗೆ ಏಳಕ್ಕೆ ಶಿವಾಜಿನಗರ ಬಿಟ್ಟು, ಎರಡು ಬಸ್ಸು ಬದಲಿಸಿ, ಗೇಟು ಮುಟ್ಟುವ ಹೊತ್ತಿಗೆ ಮಗು ಅಷ್ಟು ಹೊತ್ತಿಗಾಗಲೇ ಒಂದು ಸಲ ಅತ್ತು, ಒಂದು ಸಲ ವಾಂತಿ ಮಾಡಿ, ನಿದ್ದೆಗೆ ಜಾರಿತ್ತು. ಗೇಟಿನಲ್ಲಿ ಬ್ಯಾಗು ತಪಾಸಣೆ. ಚಪಾತಿ ಡಬ್ಬಿ ಹೊರಗೆ. ಚಿತ್ರಾನ್ನ ಹೊರಗೆ. ಫ್ಲಾಸ್ಕಿನಲ್ಲಿ ಮಗುವಿಗೆ ಮಾಡಿಕೊಂಡು ಬಂದಿದ್ದ ರಾಗಿ ಸರಿ. ಗಾರ್ಡ್ ಮುಚ್ಚಳ ತೆಗೆದು ಮೂಸಿ ನೋಡಿದ. 'ಇದೇನ್ರೀ?' ಅಂದ. ಅತ್ತೆ 'ಮಗೀಗೆ ಸರಿ ಕಣಪ್ಪ' ಅಂದರು. ಅವನಿಗೆ ಗೊತ್ತಿಲ್ಲದೆ ಇರಲಿಲ್ಲ, ಅವನೂ ಯಾವುದೋ ಊರಿನ ಹುಡುಗನೇ. ಸೂಪರ್‌ವೈಸರ್‌ನ ಕೇಳಿ ಬಂದು ಬಿಟ್ಟ. ಕೇಳಲೇಬೇಕಾದ ಪರಿಸ್ಥಿತಿಯಲ್ಲಿ ಅವನನ್ನು ಇಟ್ಟವರು ಬೇರೆ, ಅವನ ಮೇಲೆ ನಮಗೆ ಸಿಟ್ಟಿಲ್ಲ.

ಒಳಗೆ ಹೋದ ಮೇಲೆ ದಿನ ಹೇಗೆ ಕಳೆಯಿತು ಅಂತ ನಾವು ಸುಮ್ಮನೆ ಬರೆದಿಟ್ಟುಕೊಂಡೆವು. ಭಾವ ಐದು ಆಟ ಆಡಿದರು. ಅಕ್ಕ ಒಂದು, ಅದೂ ನಮ್ಮವಳು ಮಗು ಹಿಡಿದುಕೊಂಡು 'ಹೋಗೇ, ನಾನಿದ್ದೀನಿ' ಅಂತ ತಳ್ಳಿದ ಮೇಲೆ. ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತು ಎರಡು ನಿಮಿಷದ ಆಟ, ಅಷ್ಟರಲ್ಲಿ ಮಗು ಅತ್ತ ಸದ್ದು ಕೇಳಿಸಿತೇನೋ ಅಂತ ಅವಳ ಕಣ್ಣೆಲ್ಲ ಈಚೆಗೇ. ಅತ್ತೆ ಸೊನ್ನೆ. ಮಗು ಗೊಂಬೆ ಕುದುರೆಯ ಮೇಲೆ ಒಂದು ಸುತ್ತು, ಎರಡನೇ ಸುತ್ತಿಗೆ ಹೆದರಿ ಅಳು. ಇಡೀ ದಿನದಲ್ಲಿ ಮಗುವಿಗೆ ಅತಿ ಇಷ್ಟವಾದದ್ದು ಯಾವುದು ಗೊತ್ತೇ? ಕೈ ತೊಳೆಯುವ ನಲ್ಲಿ. ಒತ್ತಿದರೆ ನೀರು, ಬಿಟ್ಟರೆ ನಿಲ್ಲುತ್ತೆ. ಅರ್ಧ ಗಂಟೆ ಅದನ್ನೇ ಒತ್ತಿತು. ಆಮೇಲೆ ಒಂದು ಅಳಿಲು.

ಮಧ್ಯಾಹ್ನ ಹಾಲು ಕುಡಿಸಬೇಕಾಯಿತು. ಎಲ್ಲಿ ಅಂತ ಕೇಳಿದರೆ ಒಬ್ಬರು ಬಟ್ಟೆ ಬದಲಿಸುವ ಕೋಣೆ ತೋರಿಸಿದರು. ಅಲ್ಲಿ ನೆಲವೆಲ್ಲ ನೀರು, ಕೂರಲು ಒಂದು ಸ್ಟೂಲಿಲ್ಲ, ಹತ್ತು ಜನ ಹುಡುಗಿಯರು ಒದ್ದೆ ಬಟ್ಟೆ ಹಿಂಡುತ್ತಿದ್ದಾರೆ. ಅಕ್ಕ ನಿಂತುಕೊಂಡೇ ಕುಡಿಸಿದಳು. ಬಟ್ಟೆಗೆ ಬದಲಿ ಹಾಸು ಹಾಸಲು ಒಂದು ಕಟ್ಟೆಯೂ ಇಲ್ಲ. ಸಾವಿರಾರು ಜನ ಬಂದು ಹೋಗುವ ಜಾಗ. ಗಾಳಿಯಲ್ಲಿ ಮನುಷ್ಯರನ್ನು ತಲೆಕೆಳಗೆ ತಿರುಗಿಸುವ ಯಂತ್ರಕ್ಕೆ ದುಡ್ಡಿದೆ. ಒಂದು ಬಾಗಿಲು, ಒಂದು ಕುರ್ಚಿ, ಒಂದು ಮೇಜು ಇರೋ ಕೋಣೆಗೆ ಇಲ್ಲ.

ನೀರಿನ ಆಟದ ಕಥೆ ಬೇರೆ. ಹತ್ತಿ ಬಟ್ಟೆ, ಸೀರೆ, ಚೂಡಿದಾರ ಹಾಕಿಕೊಂಡು ಕೊಳಕ್ಕೆ ಇಳಿಯುವಂತಿಲ್ಲ, ನೈಲಾನ್ ಬಟ್ಟೆಯೇ ಆಗಬೇಕು. ಇದರಲ್ಲಿ ಅರ್ಥ ಇಲ್ಲದಿಲ್ಲ. ಹತ್ತಿಯ ನೂಲು ಬಿಟ್ಟು ನೀರು ಸೋಸುವ ಯಂತ್ರಕ್ಕೆ ಸಿಕ್ಕಿಕೊಳ್ಳುತ್ತೆ, ಸೆರಗು ಕಾಲಿಗೆ ಸುತ್ತಿಕೊಂಡರೆ ಜೀವಕ್ಕೇ ಅಪಾಯ. ಸರಿ. ಆದರೆ ಮೊಣಕಾಲುದ್ದ ನೀರಿರುವ ಮಕ್ಕಳ ಕೊಳದಲ್ಲಿ, ಮಗುವಿನ ಕೈ ಹಿಡಿದು ಅಂಚಿನಲ್ಲಿ ನಿಲ್ಲುವ ತಾಯಿಗೂ ಅದೇ ನಿಯಮವೇ? ಹಳ್ಳಿಯ ಹೆಣ್ಣುಮಗಳು ಗಂಡನ ಮನೆಯವರ ಎದುರು ಮೈಗಂಟುವ ಬಟ್ಟೆ ಹಾಕಲು ಒಪ್ಪುವುದಿಲ್ಲ. ಅವಳು ಒಪ್ಪಬೇಕೋ ಬೇಡವೋ ಎಂಬುದು ಅವಳಿಗೆ ಬಿಟ್ಟದ್ದು. ಪರಿಣಾಮ ಮಾತ್ರ ಒಂದೇ: ಮಗುವನ್ನು ನೀರಿಗೆ ಇಳಿಸಿದ್ದು ಅಪ್ಪ, ಬಟ್ಟೆ ಹಿಡಿದು ದಡದಲ್ಲಿ ನಿಂತದ್ದು ಅಮ್ಮ. ಟಿಕೆಟ್ ಇಬ್ಬರದೂ ಒಂದೇ ಬೆಲೆ.

ಈ ಬೆಂಚಿಗೆ ಒಂದು ಹಳೇ ಕಥೆಯಿದೆ, ಕೇಳಿ. ಅಮೆರಿಕದ ವಾಲ್ಟ್ ಡಿಸ್ನಿ ತನ್ನ ಹೆಣ್ಣುಮಕ್ಕಳನ್ನು ಲಾಸ್ ಏಂಜಲೀಸಿನ ಗ್ರಿಫಿತ್ ಪಾರ್ಕಿಗೆ ಕರೆದುಕೊಂಡು ಹೋಗುತ್ತಿದ್ದ. ಮಕ್ಕಳು ತಿರುಗುವ ಕುದುರೆ ಮೇಲೆ, ಅಪ್ಪ ಬೆಂಚಿನ ಮೇಲೆ, ಕೈಯಲ್ಲಿ ಕಡಲೇಕಾಯಿ. ದೊಡ್ಡವರೂ ಮಕ್ಕಳೂ ಜೊತೆಗೆ ಆಡುವ ಒಂದು ಜಾಗ ಇರಬೇಕಲ್ಲ ಅಂತ ಅವನಿಗೆ ಅಲ್ಲಿ ಹೊಳೆಯಿತಂತೆ, ಅವನೇ ಆಮೇಲೆ ಹೇಳಿಕೊಂಡಿದ್ದು. 1955ರಲ್ಲಿ ಡಿಸ್ನಿಲ್ಯಾಂಡ್ ತೆರೆಯಿತು. ಅಂದರೆ ಥೀಮ್ ಪಾರ್ಕ್ ಅನ್ನೋದು ಹುಟ್ಟಿದ್ದೇ ಒಬ್ಬ ಅಪ್ಪ ಬೆಂಚಿನ ಮೇಲೆ ಕೂತು ಬೇಜಾರಾಗಿದ್ದರಿಂದ. ಎಪ್ಪತ್ತು ವರ್ಷವಾದ ಮೇಲೆ ನಮ್ಮ ಅಕ್ಕಂದಿರನ್ನು ಅದೇ ಬೆಂಚಿನ ಮೇಲೆ ಕೂರಿಸಿದ್ದೇವೆ, ಕಡಲೇಕಾಯಿ ಒಳಗೆ ತರುವಂತಿಲ್ಲ ಅನ್ನೋ ನಿಯಮ ಸೇರಿಸಿ.

ಡಿಸ್ನಿ ಪಾರ್ಕುಗಳು ದುಡ್ಡು ಮಾಡುವುದರಲ್ಲಿ ಯಾರಿಗೂ ಕಡಿಮೆಯಿಲ್ಲ. ಆದರೂ ಅಮೆರಿಕದ ಆ ಪಾರ್ಕುಗಳಲ್ಲಿ ಮೂರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ಟಿಲ್ಲ, ಹಾಲೂಡಿಸಲು, ಬಟ್ಟೆ ಬದಲಿಸಲು, ಮಗುವಿನ ಊಟ ಬಿಸಿ ಮಾಡಲು ಬೇರೆಯೇ ಕಟ್ಟಡವಿದೆ, ಮನೆಯಿಂದ ತಿಂಡಿ ತರಬಹುದು. ಇನ್ನೊಂದು ಏರ್ಪಾಡಿದೆ, ರೈಡರ್ ಸ್ವಿಚ್ ಅನ್ನುತ್ತಾರೆ. ಅಪ್ಪ ಸಾಲಿನಲ್ಲಿ ನಿಂತು ಆಡಿ ಬರುತ್ತಾನೆ, ಅಮ್ಮ ಮಗು ಹಿಡಿದಿರುತ್ತಾಳೆ. ಅವನು ಬಂದ ಮೇಲೆ ಅಮ್ಮ ಮತ್ತೆ ಮೊದಲಿಂದ ಸಾಲಿನಲ್ಲಿ ನಿಲ್ಲಬೇಕಿಲ್ಲ, ನೇರ ಹೋಗಿ ಹತ್ತಬಹುದು. ಇದಕ್ಕೆ ಹೊಸ ಯಂತ್ರ ಬೇಡ, ಜಮೀನು ಬೇಡ. ಒಂದು ಚೀಟಿ ಸಾಕು. ಊರಿನ ರೇಷನ್ ಅಂಗಡಿಯಲ್ಲಿ ನಾವು ಇದನ್ನು ಯಾರೂ ಹೇಳಿಕೊಡದೆ ಮಾಡುತ್ತೇವೆ: 'ಮಗು ಹಿಡ್ಕೊಂಡಿದಾಳೆ, ಅವಳ ಜಾಗ ಬಿಡ್ರಿ' ಅಂತ.

ಕಾನೂನು ಏನು ಹೇಳುತ್ತೆ ಅನ್ನೋದನ್ನೂ ನೋಡೋಣ. ಹಾಲೂಡಿಸುವುದು ತಾಯಿಯ ಹಕ್ಕು, ಅದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನೊಳಗೇ ಬರುತ್ತೆ ಅಂತ 2021ರ ಸೆಪ್ಟೆಂಬರಿನಲ್ಲಿ ನಮ್ಮ ಕರ್ನಾಟಕ ಹೈಕೋರ್ಟೇ ಹೇಳಿದೆ. ಬೆಂಗಳೂರಿನ ಆಸ್ಪತ್ರೆಯೊಂದರಿಂದ ಕಳುವಾದ ಮಗು, ಹೆತ್ತವಳು ಒಬ್ಬಳು, ಸಾಕಿದವಳು ಇನ್ನೊಬ್ಬಳು, ಆ ಮೊಕದ್ದಮೆಯಲ್ಲಿ ಬಂದ ಮಾತು ಅದು. 2025ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್, ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ, ಸಾರ್ವಜನಿಕ ಕಟ್ಟಡಗಳಲ್ಲಿ ಹಾಲೂಡಿಸುವ ಕೋಣೆ, ಶಿಶು ಆರೈಕೆಯ ಜಾಗ ಇರಬೇಕು, ರಾಜ್ಯಗಳು ಇದನ್ನು ನೋಡಿಕೊಳ್ಳಬೇಕು ಅಂತ ಹೇಳಿತು. ಹೊಸದಾಗಿ ಕಟ್ಟುವ ಕಡೆ ನಕ್ಷೆಯಲ್ಲೇ ಜಾಗ ಬಿಡಬೇಕು, ಇರೋ ಕಟ್ಟಡಗಳಲ್ಲಿ ಆದಷ್ಟು ಮಾಡಬೇಕು. ಸಾರ್ವಜನಿಕವಾಗಿ ಹಾಲೂಡಿಸುವುದನ್ನು ಕೀಳಾಗಿ ಕಾಣಬಾರದು ಅಂತಲೂ ಹೇಳಿದೆ. 2023ರ ಜನವರಿಯಲ್ಲಿ ಅದೇ ಕೋರ್ಟು ಸಿನಿಮಾ ಟಾಕೀಸಿನ ಕೇಸಿನಲ್ಲಿ, ಹೊರಗಿನ ತಿಂಡಿ ಬೇಡ ಅನ್ನಲು ಮಾಲೀಕರಿಗೆ ಅಧಿಕಾರ ಇದೆ ಅಂತ ತೀರ್ಪು ಕೊಟ್ಟಾಗಲೂ ಎರಡು ವಿಷಯ ಬಿಡಲಿಲ್ಲ: ಕುಡಿಯುವ ನೀರು ಪುಕ್ಕಟೆ ಕೊಡಬೇಕು, ಎಳೆಮಗುವಿಗೆ ಅಂತ ತಾಯ್ತಂದೆ ತರುವ ಆಹಾರ ತಡೆಯಬಾರದು.

ಕೊನೆಯದು ಟಾಕೀಸಿನ ಮಾತು, ಅದರ ಹಿಂದಿನದು ಸಾರ್ವಜನಿಕ ಕಟ್ಟಡದ ಮಾತು. 'ನಮ್ಮದು ಖಾಸಗಿ ಪಾರ್ಕು' ಅಂತ ಮಾಲೀಕರು ಹೇಳಬಹುದು. ಹೇಳಲಿ. ಸಾವಿರಾರು ಜನ ಸೇರುವ ಕಡೆ ಬೆಂಕಿಗೆ, ಯಂತ್ರಕ್ಕೆ, ಕಟ್ಟಡಕ್ಕೆ ಸರ್ಕಾರದ ಅನುಮತಿ ಬೇಕು ಅಂದಮೇಲೆ, ಅದೇ ಅನುಮತಿ ಪತ್ರದಲ್ಲಿ 'ಹಾಲೂಡಿಸುವ ಕೋಣೆ ಒಂದು' ಅಂತ ಒಂದು ಸಾಲು ಸೇರಿಸಲು ಸರ್ಕಾರಕ್ಕೆ ಏನು ಅಡ್ಡಿ?

ಈಗ ನಮ್ಮ ಕಡೆಯವರ ಮಾತಿಗೆ ಬರೋಣ. ಇದನ್ನು ಬರೆಯುತ್ತೀವಿ ಅಂದಾಗ ನಮ್ಮ ಗುಂಪಿನೊಳಗೇ ಜಗಳವಾಯಿತು. ಒಬ್ಬನೆಂದ, 'ಅಷ್ಟು ಚಿಕ್ಕ ಮಗೂನ ಯಾಕೆ ಕರ್ಕೊಂಡು ಹೋಗ್ಬೇಕು? ಮನೇಲಿ ಬಿಟ್ಟು ಬರ್ಲಿ.' ಯಾರ ಹತ್ತಿರ ಬಿಟ್ಟು ಬರಬೇಕು? ಮೊದಲೆಲ್ಲ ಮನೆಯಲ್ಲಿ ಅಜ್ಜಿ, ಚಿಕ್ಕಮ್ಮ, ಅತ್ತಿಗೆ ಇರುತ್ತಿದ್ದರು. ಈಗ ಚಿಕ್ಕಮ್ಮ ಗಾರ್ಮೆಂಟ್ಸಿಗೆ ಹೋಗುತ್ತಾಳೆ, ಅಜ್ಜಿ ಹಸು ನೋಡಿಕೊಳ್ಳುತ್ತಾಳೆ. ಆ ಅಜ್ಜಿಗೂ ಒಂದು ದಿನ ಊರು ಬಿಟ್ಟು ಬರೋ ಆಸೆ ಇರೋದು ತಪ್ಪೇ? ಎಲ್ಲಕ್ಕಿಂತ ಹೆಚ್ಚಾಗಿ, 'ಮನೇಲಿ ಬಿಟ್ಟು ಬರ್ಲಿ' ಅಂದಾಗ ನಿಜಕ್ಕೂ ಮನೆಯಲ್ಲಿ ಉಳಿಯುವುದು ಯಾರು? ಭಾವನಂತೂ ಉಳಿಯುವುದಿಲ್ಲ. ಮದುವೆಯಾಗಿ ಮೂರು ವರ್ಷಕ್ಕೆ ಒಂದು ಸಲ ಹೊರಗೆ ಬಂದ ಹೆಣ್ಣುಮಗಳಿಗೆ 'ನೀನು ಇನ್ನೂ ಮೂರು ವರ್ಷ ಒಳಗೇ ಇರು' ಅಂದ ಹಾಗಾಯಿತು.

ಹಾಗಂತ ರೀಲ್ಸಿನವರ ಪರವೂ ನಾವಲ್ಲ. ಮಗುವಿಗೆ ಕಪ್ಪು ಕನ್ನಡಕ ಹಾಕಿ, ರಬ್ಬರ್ ಬಳೆಯೊಳಗೆ ಕೂರಿಸಿ, 'ನಮ್ಮ ಕಂದನ ಮೊದಲ ವಾಟರ್ ಪಾರ್ಕ್' ಅಂತ ಹಾಡು ಸೇರಿಸಿ ಹಾಕುವವರನ್ನು ನೋಡಿ ಊರಿನ ಅಪ್ಪಂದಿರಿಗೆ ಒಂಥರಾ ಸಂಕಟ ಶುರುವಾಗಿದೆ. ನಮ್ಮ ಮಗೂಗೆ ಏನೂ ತೋರಿಸಲಿಲ್ಲವಲ್ಲ ಅಂತ. ಆ ರೀಲಿನಲ್ಲಿ ಮಗು ಹದಿನೈದು ಸೆಕೆಂಡು ನಗುತ್ತೆ. ಅದರ ಹಿಂದುಮುಂದಿನ ಆರು ಗಂಟೆ ಕ್ಯಾಮೆರಾದಲ್ಲಿ ಇಲ್ಲ. ಸಾಲ ಮಾಡಿ, ಸಂಘದಿಂದ ದುಡ್ಡು ತೆಗೆದು ಮಗುವಿಗೆ ಪಾರ್ಕು ತೋರಿಸಿದವರನ್ನು ನಾವು ಬಲ್ಲೆವು. ಒಂದೂಮುಕ್ಕಾಲು ವರ್ಷದ ಮಗುವಿಗೆ ದೊಡ್ಡದಾದ ಮೇಲೆ ಅದರ ನೆನಪೂ ಇರುವುದಿಲ್ಲ, ಸಂಘದ ಕಂತು ಮಾತ್ರ ಇರುತ್ತೆ.

ಒಂದು ವಿಷಯದಲ್ಲಿ ಮಾತ್ರ ಪಾರ್ಕಿನವರ ಪರ ನಿಲ್ಲುತ್ತೇವೆ. ಆಟಗಳಿಗೆ ಎತ್ತರದ ನಿಯಮ ಇಟ್ಟಿದ್ದಾರಲ್ಲ, ಅದನ್ನು ಸಡಿಲಿಸಿ ಅಂತ ಯಾರೂ ಕೇಳಬೇಡಿ. ಕಂಬಿಯ ಮುಂದೆ ಮಗುವಿನ ಹಿಮ್ಮಡಿ ಎತ್ತಿ ನಿಲ್ಲಿಸುವ ಅಪ್ಪಂದಿರನ್ನು, 'ಒಂದಿಂಚು ತಾನೆ ಬಿಡಣ್ಣ' ಅಂತ ಆಪರೇಟರ್ ಹುಡುಗನ ಜೊತೆ ಜಗಳಕ್ಕೆ ನಿಲ್ಲುವವರನ್ನು ಕಣ್ಣಾರೆ ಕಂಡಿದ್ದೇವೆ. ಆ ಬೆಲ್ಟು, ಆ ಕಂಬಿ ಒಂದು ಅಳತೆಯ ದೇಹಕ್ಕೆ ಮಾಡಿದ್ದು. ಚಿಕ್ಕ ದೇಹ ಅದರೊಳಗಿಂದ ಜಾರುತ್ತೆ. 2019ರ ಜುಲೈನಲ್ಲಿ ಅಹಮದಾಬಾದಿನ ಕಾಂಕರಿಯಾದಲ್ಲಿ ತೂಗುವ ಆಟ ಮುರಿದು ಬಿದ್ದು ಇಬ್ಬರು ಸತ್ತರು. 2024ರ ಮೇ 25ರಂದು ರಾಜಕೋಟೆಯ ಟಿಆರ್‌ಪಿ ಗೇಮ್ ಝೋನಿಗೆ ಬೆಂಕಿ ಬಿದ್ದು 27 ಜನ ಸುಟ್ಟುಹೋದರು, ಅವರಲ್ಲಿ ಮಕ್ಕಳೂ ಇದ್ದರು. ಹಾಗೆ ನೋಡಿದರೆ ನಮ್ಮೂರ ಜಾತ್ರೆಯ ಜಯಂಟ್ ವೀಲ್ ಇನ್ನೂ ಭಯಂಕರ. ಅಲ್ಲಿ ಎತ್ತರ ಕೇಳುವವರಿಲ್ಲ, ಬೆಲ್ಟಿಲ್ಲ, ಒಂದು ಕಬ್ಬಿಣದ ಸರಳು ಅಡ್ಡ ಹಾಕಿ ತೊಡೆ ಮೇಲಿನ ಮಗುವಿನ ಸಮೇತ ಮೇಲಕ್ಕೆ ಕಳಿಸುತ್ತಾರೆ. ಅಳತೆ ಕೋಲು ಇರುವ ಜಾಗ ಅಳತೆ ಕೋಲು ಇಲ್ಲದ ಜಾಗಕ್ಕಿಂತ ಮೇಲು.

ಆದರೆ ಆ ಕೋಲಿನ ಬಗ್ಗೆ ಇನ್ನೊಂದು ಮಾತಿದೆ, ಇದನ್ನು ದಯವಿಟ್ಟು ನಿಧಾನಕ್ಕೆ ಓದಿ.

ರೈಲಿನಲ್ಲಿ ಮಗುವಿಗೆ ವಯಸ್ಸು ನೋಡುತ್ತಾರೆ, ಐದು ವರ್ಷ ತುಂಬುವವರೆಗೆ, ಬೇರೆ ಸೀಟು ಕೇಳದಿದ್ದರೆ, ಟಿಕೆಟ್ಟಿಲ್ಲ. ಪಾರ್ಕಿನಲ್ಲಿ ಎತ್ತರ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯ ಪ್ರಕಾರ ಚೆನ್ನಾಗಿ ಬೆಳೆದ ಮಗು ಎರಡು ವರ್ಷ ತುಂಬುವಾಗ ಹೆಣ್ಣಾದರೆ ಸುಮಾರು 86 ಸೆಂ.ಮೀ., ಗಂಡಾದರೆ ಸುಮಾರು 87 ಸೆಂ.ಮೀ. ಇರುತ್ತೆ. ಮೂರು ತುಂಬುವಾಗ 95, 96ರ ಹತ್ತಿರ. ಅಂದರೆ 85ರ ಗೆರೆ ಎರಡು ವರ್ಷದೊಳಗಿನ ಮಕ್ಕಳಿಗೆ ಎಳೆದ ಗೆರೆ. ಆ ಗೆರೆಯ ಕೆಳಗೆ ನಿಂತು 'ಫ್ರೀ' ಆಗುವ ಮೂರು ವರ್ಷದ ಮಕ್ಕಳನ್ನು ನಾವು ನೋಡಿದ್ದೇವೆ. ಅಪ್ಪನಿಗೆ ಟಿಕೆಟ್ ಉಳಿಯಿತು ಅಂತ ಖುಷಿ. ಹಿಂದೆ ನಿಂತವರು ಪುಣ್ಯ ಮಾಡಿದ್ದೀರಿ ಅನ್ನುತ್ತಾರೆ.

ಪುಣ್ಯವಲ್ಲ ಸ್ವಾಮಿ. ಮೂರು ತುಂಬಿದ ಮಗು 85 ಸೆಂ.ಮೀ. ದಾಟಿಲ್ಲವೆಂದರೆ ಅದು ಕುಂಠಿತ ಬೆಳವಣಿಗೆಯ ಗುರುತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4 ಮಂದಿ ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು. ಮೂವರಲ್ಲಿ ಒಬ್ಬರು. ಊರಿನ ಅಂಗನವಾಡಿಯಲ್ಲೂ ಇಂಥದ್ದೇ ಅಳತೆ ಕೋಲಿದೆ. ಎರಡು ವರ್ಷದ ಒಳಗಿನ ಕೂಸನ್ನು ಹಲಗೆಯ ಮೇಲೆ ಮಲಗಿಸಿ ಅಳೆಯುತ್ತಾರೆ, ಆಮೇಲೆ ನಿಲ್ಲಿಸಿ. ಟೀಚರ್ ಅದನ್ನು ಮೊಬೈಲಿನ ಪೋಷಣ್ ಟ್ರ್ಯಾಕರಿಗೆ ಹಾಕುತ್ತಾರೆ. ನಿಮ್ಮ ಮಗುವಿನ ಸಂಖ್ಯೆ ಎಷ್ಟು ಬಂತು ಅಂತ ನೀವು ಎಂದಾದರೂ ಕೇಳಿದ್ದೀರಾ? ಪಾರ್ಕಿನ ಕೋಲಿನ ಮುಂದೆ ಎಲ್ಲರೂ ಮೊಬೈಲು ಹಿಡಿದು ಫೋಟೋ ತೆಗೆಯುತ್ತಾರೆ, ಅಂಗನವಾಡಿಯ ಕೋಲಿನ ಮುಂದೆ ಒಬ್ಬರೂ ನಿಲ್ಲುವುದಿಲ್ಲ. ಗೇಟಿನಲ್ಲಿ ಫ್ರೀ ಅಂದ ತಕ್ಷಣ ಮಗುವಿನ ವಯಸ್ಸು ಒಂದು ಸಲ ಲೆಕ್ಕ ಹಾಕಿ. ಎರಡೂವರೆ ದಾಟಿದ್ದರೆ ಊರಿಗೆ ಹೋದ ಮೇಲೆ ಅಂಗನವಾಡಿಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಹೋಗಿ ಸರಿಯಾಗಿ ಅಳೆಸಿ, ತೂಕ ನೋಡಿಸಿ. ಗಾಬರಿ ಬೇಡ, ತಾಯ್ತಂದೆ ಕುಳ್ಳಗಿದ್ದರೂ ಮಗು ಕುಳ್ಳಗಿರಬಹುದು. ಆದರೆ ಅದನ್ನು ಹೇಳಬೇಕಾದವರು ಡಾಕ್ಟರು, ಟಿಕೆಟ್ ಕೌಂಟರಿನವರಲ್ಲ.

ಸರಿ, ಹಾಗಾದರೆ ಚಿಕ್ಕ ಮಗು ಇಟ್ಟುಕೊಂಡು ಬೆಂಗಳೂರಿಗೆ ಬಂದವರು ಏನು ನೋಡಬೇಕು? ನಮ್ಮ ಅನುಭವದಲ್ಲಿ ಶಿವಾಜಿನಗರ ಬಸ್‌ಸ್ಟ್ಯಾಂಡಿನಿಂದ ಎರಡು ಕಿಲೋಮೀಟರ್ ಆಚೀಚೆಯಲ್ಲೇ ಎರಡು ವರ್ಷದ ಮಗುವಿನ ಒಂದು ದಿನ ಮುಗಿದುಹೋಗುತ್ತೆ.

ಆ ಪಾರ್ಕಿನ ಮರುದಿನ ಬೆಳಿಗ್ಗೆ ಅಕ್ಕ ಹೂವು ತಗೊಳ್ಳಬೇಕು ಅಂದಳು ಅಂತ ರಸೆಲ್ ಮಾರ್ಕೆಟ್ಟಿಗೆ ಹೋದೆವು. 1927ರಲ್ಲಿ ಕಟ್ಟಿದ ಕಟ್ಟಡ, ಮುಂದೆ ಬಯಲು, ಬಯಲ ತುಂಬ ಪಾರಿವಾಳ. ಮಗು ಕೈ ಬಿಡಿಸಿಕೊಂಡು ಓಡಿತು. ಪಾರಿವಾಳ ಎದ್ದವು, ಕೂತವು. ಮತ್ತೆ ಓಡಿತು. ಹಣ್ಣಿನ ಅಂಗಡಿಯ ಸಾಬರು ಒಂದು ಕಿತ್ತಳೆ ತೊಳೆ ಕೊಟ್ಟು 'ಖಾ ಬೇಟಾ' ಅಂದರು, ಅತ್ತೆ 'ಹೇಳು, ತಾತಂಗೆ ನಮಸ್ಕಾರ' ಅಂದರು. ಅಲ್ಲಿಂದ ಆಟೋದಲ್ಲಿ ಕಬ್ಬನ್ ಪಾರ್ಕು. ಮಿನಿಮಮ್ ದರದ ಆಸುಪಾಸಿನ ದಾರಿ. ಮರದ ಕೆಳಗೆ ಟವೆಲ್ ಹಾಸಿ ಚಿತ್ರಾನ್ನದ ಡಬ್ಬಿ ತೆಗೆದೆವು, ಮೂಸಿ ನೋಡಲು ಯಾರೂ ಬರಲಿಲ್ಲ. ಅಕ್ಕ ಸೆರಗು ಮುಚ್ಚಿ ಕೂತು ಹಾಲೂಡಿಸಿದಳು. ಅತ್ತೆ ಒಂದು ನಿದ್ದೆ ತೆಗೆದರು.

ಈ ಪಾರ್ಕನ್ನು 1870ರಲ್ಲಿ ಮಾಡಿದ್ದು ಬ್ರಿಟಿಷರು, ದಂಡು ಪ್ರದೇಶದ ದೊರೆಸಾನಿಯರು ಗಾಳಿ ತಿನ್ನಲಿ ಅಂತ. ಇವತ್ತು ಅದು ಯಾರ ಟಿಕೆಟ್ಟೂ ಕೇಳುವುದಿಲ್ಲ. ಅದರೊಳಗೇ ಮಹಿಳಾ ಮತ್ತು ಮಕ್ಕಳ ಇಲಾಖೆಯ ಜವಾಹರ್ ಬಾಲಭವನ ಇದೆ. ಉಯ್ಯಾಲೆ, ಜಾರುಬಂಡೆ, ಪುಟಾಣಿ ಎಕ್ಸ್‌ಪ್ರೆಸ್ ಅನ್ನೋ ಚಿಕ್ಕ ರೈಲು. ಬೆಂಗಳೂರಿನಲ್ಲಿ ಬೆಳೆದ ಯಾರನ್ನೇ ಕೇಳಿ, ಆ ರೈಲಿನ ನೆನಪು ಇರುತ್ತೆ. ತಾಯಿ ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡೇ ಅದರಲ್ಲಿ ಹೋಗಬಹುದು. ಇಡೀ ಥೀಮ್ ಪಾರ್ಕ್ ವ್ಯವಹಾರಕ್ಕೆ ಹೊಳೆಯದ ವಿಚಾರ ಈ ಪುಟ್ಟ ರೈಲಿನಲ್ಲಿದೆ: ಎತ್ತಿಕೊಂಡವಳೂ ಎತ್ತಿಸಿಕೊಂಡದ್ದೂ ಒಂದೇ ಆಟ ಆಡುತ್ತವೆ.

ಆದರೆ ಸರ್ಕಾರ ಅದನ್ನು ನೋಡಿಕೊಳ್ಳುವ ರೀತಿ ಹೇಳಿದರೆ ಬೇಜಾರಾಗುತ್ತೆ. ರೈಲು ರಿಪೇರಿಗೆ ಅಂತ ನಿಂತರೆ ತಿಂಗಳುಗಟ್ಟಲೆ ಸುದ್ದಿಯಿಲ್ಲ, ಪತ್ರಿಕೆಯಲ್ಲಿ ಬಂದ ಮೇಲೆ ಮತ್ತೆ ಓಡುತ್ತೆ. ಒಂದೂವರೆ ಕೋಟಿಗೆ ಹತ್ತಿರವಾಗುತ್ತಿರುವ ನಗರಕ್ಕೆ, ಜೊತೆಗೆ ಸುತ್ತಲಿನ ಜಿಲ್ಲೆಗಳಿಂದ ಬರುವ ನಮ್ಮಂಥವರಿಗೆ, ಸರ್ಕಾರದ್ದೇ ಆದ ಇಂಥ ಬಾಲಭವನಗಳು ಹತ್ತು ಬೇಕಿತ್ತು. ಜಾಗವಿಲ್ಲ ಅನ್ನುತ್ತಾರೆ. ಶಿವಾಜಿನಗರದಿಂದ ಜಯಮಹಲ್ ಕಡೆ ಹೊರಟರೆ 472 ಎಕರೆಯ ಅರಮನೆ ಮೈದಾನವಿದೆ. ಅದನ್ನು ವಶಪಡಿಸಿಕೊಳ್ಳಲು 1996ರಲ್ಲೇ ಕಾಯ್ದೆ ಮಾಡಿದರು, ಕೇಸು ಇಂದಿಗೂ ಸುಪ್ರೀಂ ಕೋರ್ಟಿನಲ್ಲಿದೆ. ಅಲ್ಲಿ ಮಂತ್ರಿಗಳ ಮಕ್ಕಳ ಮದುವೆಗೆ ಜಾಗ ಸಿಗುತ್ತೆ, ಕೂಲಿಯವರ ಮಗುವಿನ ಜಾರುಬಂಡೆಗೆ ಸಿಗುವುದಿಲ್ಲ.

ಊರಿನಲ್ಲೇ ಏನೂ ಇಲ್ಲದಿರುವುದಕ್ಕೆ ತಾನೇ ಜನ ಸಾವಿರಗಟ್ಟಲೆ ಖರ್ಚು ಮಾಡಿ ಇಲ್ಲಿಗೆ ಬರುವುದು. 2023-24ರ ರಾಜ್ಯ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುತ್ತೇವೆ ಅಂತ ಘೋಷಿಸಿದರು. ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳುವ ಜಾಗ ಅದು. ನಿಮ್ಮ ಪಂಚಾಯಿತಿಯಲ್ಲಿ ಇದೆಯೇ? ಇದ್ದರೆ ಬಾಗಿಲು ತೆರೆದಿದೆಯೇ, ಆಟದ ಸಾಮಾನು ಬೀರುವಿನಲ್ಲಿದೆಯೋ ಮಕ್ಕಳ ಕೈಯಲ್ಲಿದೆಯೋ? ಒಂದು ಫೋಟೋ ತೆಗೆದು ನಮಗೆ ಕಳಿಸಿ, ಪಂಚಾಯಿತಿ ಹೆಸರು ಬರೆಯಿರಿ. ಒಂದು ಲಾರಿ ಮರಳು, ಎರಡು ಟೈರಿನ ಉಯ್ಯಾಲೆ, ಕೈಯಿಂದ ಒತ್ತುವ ಒಂದು ಚಿಕ್ಕ ನಲ್ಲಿ ಸಾಕು ಆ ವಯಸ್ಸಿಗೆ. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಬರವಣಿಗೆಯಲ್ಲಿ ಕೊಡಿ, ಬಾಯಲ್ಲಿ ಹೇಳಿದರೆ ಪಿಡಿಒ ಮರೆಯುತ್ತಾರೆ.

ಇಷ್ಟೆಲ್ಲ ಆದ ಮೇಲೂ 'ಇಲ್ಲ, ಪಾರ್ಕಿಗೆ ಹೋಗಲೇಬೇಕು' ಅನ್ನುವವರಿಗೆ ನಮ್ಮ ವಿರೋಧವಿಲ್ಲ. ಹೋಗುವ ಮುನ್ನ ಫೋನ್ ಮಾಡಿ ಕೇಳಿ. ಹಾಲೂಡಿಸಲು ಕೋಣೆ ಇದೆಯೇ, ಬರೀ ಮಗು ನೋಡಿಕೊಂಡು ಕೂರುವವರಿಗೆ ಕಡಿಮೆ ದರದ ಟಿಕೆಟ್ ಇದೆಯೇ, ಗಂಡ ಹೆಂಡತಿ ಒಬ್ಬರಾದ ಮೇಲೆ ಒಬ್ಬರು ಹತ್ತಲು ಸಾಲು ಬಿಡುತ್ತಾರೆಯೇ, ಮಗುವಿನ ಊಟ ತರಬಹುದೇ. ಇಲ್ಲ ಅಂತ ಹೇಳುತ್ತಾರೆ ಅಂತ ಗೊತ್ತಿದ್ದೂ ಕೇಳಿ. ದಿನಕ್ಕೆ ಐವತ್ತು ಜನ ಇದೇ ನಾಲ್ಕು ಪ್ರಶ್ನೆ ಕೇಳಿದರೆ ಫೋನ್ ಎತ್ತುವ ಹುಡುಗಿ ಮ್ಯಾನೇಜರಿಗೆ ಹೇಳುತ್ತಾಳೆ. ಅಕ್ಕ ಈಗಾಗಲೇ ಕೇಳಿದ್ದಾಳೆ. ಅವಳ ಮಗಳಿಗೆ ಈಗ ಎರಡೂಮುಕ್ಕಾಲು, ಅಂಗನವಾಡಿಯ ಕೋಲಿನಲ್ಲಿ 92 ಸೆಂ.ಮೀ. 'ಈ ಸಲ ಅವಳಿಗೂ ಟಿಕೆಟ್ ತಗೋಬೇಕು' ಅಂತ ಫೋನಿನಲ್ಲಿ ನಕ್ಕಳು. ಬೇಸಿಗೆಗೆ ಬರುತ್ತಾರಂತೆ, ಮೊದಲು ರೈಲು ಓಡುತ್ತಿದೆಯೋ ಇಲ್ಲವೋ ವಿಚಾರಿಸಿ ಇಡಿ ಅಂದಿದ್ದಾಳೆ.